ಕೊನೆಯ ಗುಳಿಗೆ ಯಾವಾಗ, ಕೊನೆಯ ಗುಟುಕು ಯಾವಾಗ

ಎದೆನೋವು ಬಂದರೆ ಹೃದಯಾಘಾತವಿರಬಹುದೆಂದೂ, ಬಾಯಿ ಸೊಟ್ಟಗಾದರೆ ಪಾರ್ಶ್ವವಾಯುವಿರಬಹುದೆಂದೂ, ಹಾವು ಕಚ್ಚಿದರೆ ತಡಮಾಡಬಾರದೆಂದೂ ಉತ್ತರ ಕನ್ನಡದ ಬಹುತೇಕ ಮನೆಗಳಿಗೆ ಈಗ ತಿಳಿದಿದೆ. ಆದರೆ ಔಷಧದಿಂದಲೋ ಮದ್ಯದಿಂದಲೋ ಹುಟ್ಟುವ ಕೆಲವು ತುರ್ತುಸ್ಥಿತಿಗಳು ಅಷ್ಟು ಪರಿಚಿತವಲ್ಲ. ಅವು ಪದೇ ಪದೇ ಬರುವಂಥವೂ ಅಲ್ಲ. ಬಂದಾಗಲೂ ಬೇರೆ ಯಾವುದೋ ವೇಷದಲ್ಲಿ ಬರುತ್ತವೆ. ರಕ್ತದ ಸಕ್ಕರೆ ಕುಸಿದವನು ಕುಡಿದು ಬಿದ್ದವನಂತೆ ಕಾಣುತ್ತಾನೆ. ಬಿಪಿ ಗುಳಿಗೆಯಿಂದ ನಾಲಿಗೆ ಊದಿಕೊಂಡವರನ್ನು ಕಂಡು ನಿನ್ನೆ ತಿಂದ ಸಿಗಡಿ ಆಗಿಬರಲಿಲ್ಲ ಎನ್ನುತ್ತಾರೆ. ವಾಂತಿ ನಿಲ್ಲುವ ಔಷಧದಿಂದ ಕುತ್ತಿಗೆ ತಿರುಚಿಕೊಂಡ ಹುಡುಗಿಗೆ ಏನೋ ಗಾಳಿ ಸೋಂಕಿದೆ ಎಂದು ಹೆದರುತ್ತಾರೆ. ಹೀಗೆ ತಪ್ಪು ಕಾರಣವೊಂದು ಸುಲಭವಾಗಿ ಕೈಗೆ ಸಿಗುವುದರಿಂದ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಹೀಗೆ ಕಳೆಯುವ ಹೊತ್ತಿಗೆ ಬೆಲೆ ಹೆಚ್ಚು. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲ ಚಿಕಿತ್ಸೆ ಸಿಗುತ್ತದೆ. ಅದಕ್ಕೂ ಮುಂದಿನ ಆರೈಕೆ ಬೇಕಾದಾಗ ಅನೇಕರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾದ ದಾರಿ ಹಿಡಿಯಬೇಕಾಗುತ್ತದೆ. ದಾರಿಯಲ್ಲಿ ದೇವಿಮನೆಯದೋ ಅರಬೈಲಿನದೋ ಘಟ್ಟವಿರುತ್ತದೆ, ಮಳೆಗಾಲವಾದರೆ ಕುಸಿದ ಗುಡ್ಡವೂ ಇದ್ದೀತು. ಆದ್ದರಿಂದ ಇಲ್ಲಿ ರೋಗ ಗುರುತಿಸುವ ಕೆಲಸದ ಒಂದು ಪಾಲು ಮನೆಯವರ, ನೆರೆಯವರ, ಬೋಟಿನ ಜೊತೆಗಾರರ ಮೇಲೇ ಬೀಳುತ್ತದೆ. ಅವರು ವೈದ್ಯಶಾಸ್ತ್ರ ಓದಬೇಕಾಗಿಲ್ಲ. ಏನನ್ನು ತೆಗೆದುಕೊಂಡರು, ಯಾವಾಗ ತೆಗೆದುಕೊಂಡರು, ಏನನ್ನು ನಿಲ್ಲಿಸಿದರು, ಯಾವಾಗ ನಿಲ್ಲಿಸಿದರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿಟ್ಟರೆ ಮುಂದಿನ ವೈದ್ಯರ ಅರ್ಧ ಕೆಲಸ ಮುಗಿದಂತೆ. ಈ ಕಾಯಿಲೆಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಕಾಲಾವಧಿ ಇದೆ, ಎಷ್ಟೋ ಸಲ ಆ ಅವಧಿಯೇ ಕಾಯಿಲೆಯ ಹೆಸರನ್ನು ಹೇಳಿಬಿಡುತ್ತದೆ.

ನಾಲ್ಕರಲ್ಲಿ ಹೆಚ್ಚಾಗಿ ಮರೆತುಹೋಗುವುದು ನಿಲ್ಲಿಸಿದ್ದರ ಪ್ರಶ್ನೆ, ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ. ಮದ್ಯ ಕುಡಿಯುವುದು ಅಪಾಯ, ಬಿಡುವುದು ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಪ್ರಮಾಣದಲ್ಲಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ದಿನನಿತ್ಯದ ಈ ಒತ್ತಡಕ್ಕೆ ಎದುರಾಗಿ ಮಿದುಳು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಒತ್ತಡ ತಟ್ಟನೆ ಹೋದಾಗ ಉದ್ರೇಕ ಮಾತ್ರ ಉಳಿಯುತ್ತದೆ. ಕೊನೆಯ ಗುಟುಕಿನ ನಂತರ ಆರರಿಂದ ಹನ್ನೆರಡು ತಾಸಿನೊಳಗೆ ಕೈನಡುಕ, ಬೆವರು, ಎದೆಬಡಿತ, ವಾಕರಿಕೆ, ನಿದ್ರೆ ಬಾರದಿರುವುದು ಶುರುವಾಗುತ್ತದೆ. ಆರರಿಂದ 48 ತಾಸಿನ ನಡುವೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ, ಎಲ್ಲರಲ್ಲೂ ಅಲ್ಲ, ಕೆಲವರಲ್ಲಿ, ಕಂಪನ ಸನ್ನಿ ಏರುತ್ತದೆ.

ಈ ಸನ್ನಿ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಒಮ್ಮೆ ಕಂಡವರು ಮತ್ತೆ ಮರೆಯಲಾರರು. ಬಂದರಿನ ಧಕ್ಕೆಯಲ್ಲಿ ಕಾಲು ಜಾರಿ ತೊಡೆಯ ಮೂಳೆ ಮುರಿದುಕೊಂಡ ಕಲಾಸಿಯೊಬ್ಬ (ಮೀನುಗಾರಿಕೆ ಬೋಟಿನ ಕೆಲಸಗಾರ) ಸೋಮವಾರ ಸಂಜೆ ಆಸ್ಪತ್ರೆ ಸೇರುತ್ತಾನೆ ಎಂದಿಟ್ಟುಕೊಳ್ಳಿ. ಕುಡಿತದ ವಿಷಯವನ್ನು ಯಾರೂ ಕೇಳಲಿಲ್ಲ, ಮನೆಯವರು ಮರ್ಯಾದೆಗೆ ಅಂಜಿ ಹೇಳಲೂ ಇಲ್ಲ. ಮಂಗಳವಾರ ಅವನ ಕೈ ನಡುಗುತ್ತದೆ. ನೋವಿಗೆ ಇರಬಹುದು ಎನ್ನುತ್ತಾರೆ. ಬುಧವಾರ ರಾತ್ರಿ ಅವನು ಹಾಸಿಗೆಯ ಮೇಲೆ ಎದ್ದು ಕೂತು, ಮೈಯೆಲ್ಲ ಬೆವರಿ, ಹೊದಿಕೆಯನ್ನು ಎರಡೂ ಕೈಯಿಂದ ಮೊಳ ಮೊಳವಾಗಿ ಎಳೆದುಕೊಳ್ಳತೊಡಗುತ್ತಾನೆ. ಬಲೆ ಎಳೆಯುತ್ತಿದ್ದಾನೆ. ಪಕ್ಕದಲ್ಲಿರುವ ಹೆಂಡತಿಯನ್ನು ಬೋಟಿನ ಮುಖ್ಯಸ್ಥನಾದ ತಾಂಡೇಲನೆಂದು ತಿಳಿದು ಕೂಗುತ್ತಾನೆ, ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆ ಎಂದು ತೋರಿಸುತ್ತಾನೆ, ಜ್ವರ ಏರಿದೆ, ನಾಡಿ ಓಡುತ್ತಿದೆ. ದಿನವೂ ಮಾಡುತ್ತಿದ್ದ ಕೆಲಸವನ್ನೇ ಸನ್ನಿಯಲ್ಲಿ ಕೈಗಳು ಮಾಡುವುದು ವೈದ್ಯರಿಗೆ ಪರಿಚಿತ ಲಕ್ಷಣ. ಇದು ಹುಚ್ಚೂ ಅಲ್ಲ, ನಾಟಕವೂ ಅಲ್ಲ. ಡಯಾಜೆಪಾಮ್, ಲೊರಾಜೆಪಾಮ್‌ನಂಥ ಔಷಧ, ನೀರು-ಲವಣಗಳ ಸರಿದೂಗಿಕೆ, ಥಯಾಮಿನ್ ಚುಚ್ಚುಮದ್ದು ಇವು ಸಮಯಕ್ಕೆ ದೊರೆತರೆ ಸಾವಿನ ಪ್ರಮಾಣ ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಚಿಕಿತ್ಸೆ ಸಿಗದಿದ್ದರೆ ಅದರ ಹಲವು ಪಟ್ಟು.

ಹೀಗೆ ಕುಡಿತ ತಟ್ಟನೆ ನಿಲ್ಲುವ ಸಂದರ್ಭಗಳು ನಮ್ಮಲ್ಲಿ ಗೊತ್ತಿರುವಂಥವೇ. ಅಪಘಾತವಾಗಿ ಆಸ್ಪತ್ರೆ ಸೇರಿದಾಗ, ಆಳ ಸಮುದ್ರಕ್ಕೆ ಹೋದ ಬೋಟಿನಲ್ಲಿ ಒಯ್ದಿದ್ದು ಮುಗಿದಾಗ, ಚುನಾವಣೆಯ ಮತದಾನ ಮುಗಿಯುವ 48 ತಾಸು ಮೊದಲು ಅಂಗಡಿ ಮುಚ್ಚಿದಾಗ, ಅಯ್ಯಪ್ಪ ಮಾಲೆ ಧರಿಸಿ 41 ದಿನದ ವ್ರತ ಹಿಡಿದಾಗ ಇದು ಆಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್‌ನಿಂದ ಮದ್ಯದಂಗಡಿಗಳು ಮುಚ್ಚಿದ ಮೇಲೆ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಸನ್ನಿಯೊಂದಿಗೆ ಬಂದವರ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಮಾಲೆ ಹಾಕುವ ಸಂಕಲ್ಪದಿಂದ ಕುಡಿತ ಬಿಟ್ಟ ಎಷ್ಟೋ ಮಂದಿ ಮತ್ತೆ ಮುಟ್ಟಿಲ್ಲ, ಅದು ದೊಡ್ಡ ಮಾತು. ದಿನವೂ ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದವರು ಮಾತ್ರ ಮಾಲೆಗೆ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು, ಔಷಧದ ನೆರವಿನಿಂದ ಬಿಡಬೇಕು. ಒಮ್ಮೆ ಸನ್ನಿ ಬಂದವರಿಗೆ ಮುಂದಿನ ಸಲ ಅದು ಇನ್ನೂ ಜೋರಾಗಿ ಬರುವ ಸಂಭವವಿದೆ.

ಥಯಾಮಿನ್ ಎಂದೆನಲ್ಲ, ಅದು ಬಿ1 ಜೀವಸತ್ವ. ಊಟ ಬಿಟ್ಟು ಕುಡಿಯುವವರಲ್ಲಿ ಅದು ಬರಿದಾದಾಗ ಮನಸ್ಸು ಗೊಂದಲಗೊಳ್ಳುತ್ತದೆ, ಕಣ್ಣುಗುಡ್ಡೆಗಳು ಸರಿಯಾಗಿ ಹೊರಳದೆ ಒಂದು ಎರಡಾಗಿ ಕಾಣುತ್ತದೆ, ನಡಿಗೆ ತೂರಾಡುತ್ತದೆ. ಈ ಮೂರೂ ಒಟ್ಟಿಗೆ ಕಾಣಿಸುವುದು ಕಡಿಮೆ, ಒಂದೇ ಇದ್ದರೂ ಸಂಶಯಪಡಬೇಕು. ತೂರಾಡುವವನನ್ನು ಕಂಡಾಗ ಕುಡಿದಿದ್ದಾನೆ ಎಂದೇ ಎಲ್ಲರೂ ತೀರ್ಮಾನಿಸುತ್ತಾರೆ; ಎರಡು ದಿನದಿಂದ ಮುಟ್ಟದಿದ್ದರೂ ತೂರಾಡುತ್ತಿದ್ದರೆ ಆ ತೀರ್ಮಾನ ತಪ್ಪು. ಚುಚ್ಚುಮದ್ದಿನಲ್ಲಿ ಬೇಗ ಕೊಟ್ಟರೆ ಗುಣವಾಗುವ ಈ ಸ್ಥಿತಿ, ತಡವಾದರೆ ನೆನಪಿನ ಶಕ್ತಿಯನ್ನು ಶಾಶ್ವತವಾಗಿ ಕಸಿದುಕೊಳ್ಳುತ್ತದೆ.

ಕುಡಿದವನಂತೆ ಕಾಣುವ ಇನ್ನೊಬ್ಬ ರೋಗಿ ಸಕ್ಕರೆ ಕುಸಿದವನು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆಗಳು ಅಥವಾ ಇನ್ಸುಲಿನ್ ತೆಗೆದುಕೊಂಡು, ಊಟ ತಪ್ಪಿಸಿ, ಮೇಲೆ ಮದ್ಯ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹೊಟ್ಟೆ ಖಾಲಿಯಿದ್ದಾಗ ಯಕೃತ್ತು ಹೊಸ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮದ್ಯ ಆ ತಯಾರಿಯನ್ನೇ ತಡೆಯುತ್ತದೆ. ಬೆವರು, ನಡುಕ, ತೊದಲು ಮಾತು, ಸಿಟ್ಟು, ಕೊನೆಗೆ ಪ್ರಜ್ಞೆ ತಪ್ಪುವುದು, ಇಷ್ಟೂ ಅಮಲಿನ ಲಕ್ಷಣಗಳಂತೆಯೇ ಇರುತ್ತವೆ, ಬಾಯಲ್ಲಿ ಮದ್ಯದ ವಾಸನೆಯೂ ಇರುತ್ತದೆ. ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಜಗುಲಿಯ ಮೇಲೆ ಮಲಗಿಸಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮಿದುಳು ಹಾಳಾಗಿರಬಹುದು. ಮಧುಮೇಹವಿದ್ದವರು ಅಮಲಿನಲ್ಲಿದ್ದಂತೆ ಕಂಡರೆ ಬೆರಳು ಚುಚ್ಚಿ ಸಕ್ಕರೆ ನೋಡಲೇಬೇಕು. 70ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 54ಕ್ಕಿಂತ ಕೆಳಗಿಳಿದರೆ ಗಂಭೀರ. ಎಚ್ಚರವಿದ್ದು ನುಂಗಲು ಬರುವುದಾದರೆ ಸಕ್ಕರೆ ನೀರನ್ನೋ ಬೆಲ್ಲವನ್ನೋ ಕೊಡಬೇಕು, ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಸಕ್ಕರೆ ನೀರು ಕುಡಿದು ಎದ್ದು ಕೂತರೂ ಆಸ್ಪತ್ರೆಗೆ ಒಯ್ಯಲೇಬೇಕು ಎಂಬುದು ಅನೇಕರಿಗೆ ತಿಳಿಯದು: ಈ ಗುಳಿಗೆಗಳ ಪ್ರಭಾವ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಉಳಿಯುವುದರಿಂದ, ವಿಶೇಷವಾಗಿ ಮೂತ್ರಪಿಂಡ ದುರ್ಬಲವಾಗಿರುವ ವಯಸ್ಸಾದವರಲ್ಲಿ, ಸಕ್ಕರೆ ಮತ್ತೆ ಮತ್ತೆ ಕುಸಿಯುತ್ತದೆ.

ಕುಡಿದವರಿಗೆ ತಲೆಗೆ ಪೆಟ್ಟು ಬಿದ್ದರೂ ಇದೇ ಕಥೆ. ಅಮಲು ಗಂಟೆಗಳು ಕಳೆದಂತೆ ಇಳಿಯಬೇಕು. ಹೊತ್ತು ಹೋದಂತೆ ಮಂಪರು ಹೆಚ್ಚಾದರೆ, ವಾಂತಿ ಮರುಕಳಿಸಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ ತಲೆಯೊಳಗೆ ರಕ್ತಸ್ರಾವವಾಗುತ್ತಿದೆ ಎಂದೇ ಭಾವಿಸಬೇಕು.

ಕಳ್ಳಭಟ್ಟಿಯ ವಿಷಯ ಬೇರೆಯೇ. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಭಾಗಗಳಲ್ಲಿ ಮತ್ತೆ ನೂರಕ್ಕೂ ಮೀರಿ ಜೀವಗಳು ಹೋದವು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು. ಇಂಥ ದುರಂತಗಳಲ್ಲಿ ಸಾಮಾನ್ಯವಾಗಿ ಕೊಲ್ಲುವುದು ಕಾರ್ಖಾನೆ ಬಳಕೆಯ ಮೆಥನಾಲ್. ಕುಡಿದ ಕೂಡಲೇ ಅದು ಸಾಧಾರಣ ಅಮಲಿನಂತೆಯೇ ಇರುತ್ತದೆ, ಆಮೇಲೆ ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ, ವಿಷ ಅದೇ. ಹೀಗಾಗಿ 12ರಿಂದ 24 ತಾಸು ಏನೂ ಆಗದಂತೆ ಕಂಡು, ಜೊತೆಗೆ ಬೇರೆ ಮದ್ಯವನ್ನೂ ಕುಡಿದಿದ್ದರೆ ಇನ್ನೂ ತಡವಾಗಿ, ಹೊಟ್ಟೆನೋವು, ವಾಂತಿ, ಏದುಸಿರು ಶುರುವಾಗುತ್ತವೆ, ಕಣ್ಣ ಮುಂದೆ ದಟ್ಟ ಬಿಳಿ ಮಂಜು ಕವಿದಂತೆ ದೃಷ್ಟಿ ಮಸುಕಾಗುತ್ತದೆ. ಕುಡಿದ ಮರುದಿನ ಕಣ್ಣು ಮಂಜಾಗಿದೆ ಎಂದು ಯಾರಾದರೂ ಹೇಳಿದರೆ ಅದನ್ನು ತಲೆನೋವಿನ ಸಾಲಿಗೆ ಸೇರಿಸಬಾರದು. ಹತ್ತು ಮಿಲಿಲೀಟರ್‌ನಷ್ಟು ಶುದ್ಧ ಮೆಥನಾಲ್ ಕೂಡ ಕುರುಡುತನ ತರಬಲ್ಲದು. ಇದಕ್ಕೆ ಪ್ರತಿವಿಷವಿದೆ, ಡಯಾಲಿಸಿಸ್ ಇದೆ. ಎರಡೂ ಬೇಗ ಆದಷ್ಟೂ ಕಣ್ಣು ಉಳಿಯುತ್ತದೆ. ಅದೇ ಕ್ಯಾನಿನಿಂದ ಕುಡಿದ ಉಳಿದವರನ್ನೂ, ಅವರಿಗೆ ಏನೂ ಆಗಿಲ್ಲವೆಂದರೂ, ಹುಡುಕಿ ಆಸ್ಪತ್ರೆಗೆ ಕರೆತರಬೇಕು. ಪೊಲೀಸರ ಭಯದಿಂದ ಈ ಮಾತು ಮುಚ್ಚಿಟ್ಟು ಎಷ್ಟೋ ಮನೆಗಳು ಹಾಳಾಗಿವೆ.

ಇನ್ನು ಕುಡಿತ ಬಿಡಿಸುವ ಪುಡಿ. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿಕೊಡಿ ಎಂದು ಮಾರುವ ಪುಡಿ-ಗುಳಿಗೆಗಳಲ್ಲಿ ಡೈಸಲ್ಫಿರಾಮ್ ಇರಬಹುದು. ಅದು ದೇಹದಲ್ಲಿರುವಾಗ ಮದ್ಯ ಒಳಹೋದರೆ ಅರ್ಧ ತಾಸಿನೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಪ್ರಾಣವೇ ಹೋಗಬಹುದು. ವೈದ್ಯರು ಇದನ್ನು ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆಯಿಂದ ಕೊಡುತ್ತಾರೆ. ಗುಟ್ಟಾಗಿ ಬೆರೆಸುವ ಹೆಂಡತಿಯ ಅಥವಾ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಈ ದಾರಿ ಅವನ ಜೀವವನ್ನು ಅವನಿಗೇ ತಿಳಿಯದಂತೆ ಪಣಕ್ಕೆ ಒಡ್ಡುತ್ತದೆ. ಈಗಾಗಲೇ ಕೊಟ್ಟಿದ್ದರೆ ಆಸ್ಪತ್ರೆಯಲ್ಲಿ ಆ ಮಾತನ್ನು ದಯವಿಟ್ಟು ಹೇಳಿಬಿಡಿ. ಕೊನೆಯ ಗುಳಿಗೆಯ ನಂತರ ಎರಡು ವಾರದವರೆಗೂ ಅದರ ಪರಿಣಾಮ ಇರುತ್ತದೆ. ಮದ್ಯಸಾರವಿರುವ ಕೆಮ್ಮಿನ ಸಿರಪ್ಪು, ಸ್ವಲ್ಪ ಮದ್ಯಸಾರ ತಾನಾಗಿಯೇ ಹುಟ್ಟುವ ಅರಿಷ್ಟ, ಆಸವಗಳು ಕೂಡ ಈ ಪ್ರತಿಕ್ರಿಯೆಗೆ ಸಾಕಾಗಬಹುದು. ಬೇಧಿಗೆ ಕೊಡುವ ಮೆಟ್ರೊನಿಡಜೋಲ್ ಮತ್ತು ಕೆಲವು ಪ್ರತಿಜೀವಕ ಚುಚ್ಚುಮದ್ದುಗಳ ಜೊತೆಗೂ ಇಂಥದೇ ಪ್ರತಿಕ್ರಿಯೆ ವರದಿಯಾಗಿದೆ, ಅವು ಮುಗಿದ ಮೇಲೂ ಕನಿಷ್ಠ ಮೂರು ದಿನ ಮದ್ಯದಿಂದ ದೂರವಿರಬೇಕು.

ಮದ್ಯ ಮುಟ್ಟದವರಿಗೂ ಬರುವ ತುರ್ತುಸ್ಥಿತಿಗಳ ಕಡೆ ಬರೋಣ. ಕರಾವಳಿಯವರು ಮುಖ್ಯವಾಗಿ ತಿಳಿದಿರಬೇಕಾದ್ದು ತುಟಿ-ನಾಲಿಗೆಯ ಊತ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಹೀಗೆ 'ಪ್ರಿಲ್' ಎಂದು ಕೊನೆಯಾಗುವ ಹೆಸರಿನ ಬಿಪಿ ಗುಳಿಗೆಗಳು ಲಕ್ಷಾಂತರ ಜನರ ಹೃದಯ ಮತ್ತು ಮೂತ್ರಪಿಂಡವನ್ನು ಕಾಪಾಡುತ್ತಿವೆ. ಆದರೆ ಕೆಲವೇ ಕೆಲವರಲ್ಲಿ ಅವು ತುಟಿ, ನಾಲಿಗೆ, ಗಂಟಲನ್ನು ಒಮ್ಮೆಲೇ ಊದಿಸುತ್ತವೆ. ಗುಳಿಗೆ ಶುರುಮಾಡಿದ ವಾರದಲ್ಲೇ ಆಗಬಹುದು, ಐದು ವರ್ಷ ಏನೂ ಆಗದೆ ಆಮೇಲೂ ಆಗಬಹುದು. ಹಾಗಾಗಿ ಗುಳಿಗೆಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ನಮ್ಮಲ್ಲಿ ಬಳಚು, ಏಡಿ, ಸಿಗಡಿ ಯಾವುದಾದರೊಂದು ಹಿಂದಿನ ದಿನದ ಊಟದಲ್ಲಿ ಇದ್ದೇ ಇರುತ್ತದೆ, ದೂರು ಅದರ ಮೇಲೆ ಹೋಗುತ್ತದೆ. ಊತ ಒಂದೆರಡು ದಿನದಲ್ಲಿ ತಾನಾಗಿ ಇಳಿದರೆ ಮೀನು ಬಿಟ್ಟು ಗುಳಿಗೆ ಮುಂದುವರಿಸುತ್ತಾರೆ, ಮುಂದಿನ ಸಲ ಊತ ಗಂಟಲಿಗೆ ಇಳಿಯುತ್ತದೆ. ಆಹಾರದ ಅಲರ್ಜಿಯಲ್ಲಿ ಸಾಮಾನ್ಯವಾಗಿ ಮೈಮೇಲೆ ತುರಿಕೆಯ ದದ್ದು ಏಳುತ್ತದೆ. ಗುಳಿಗೆಯ ಊತದಲ್ಲಿ ತುರಿಕೆಯೂ ಇರುವುದಿಲ್ಲ, ದದ್ದೂ ಇರುವುದಿಲ್ಲ, ಅಲರ್ಜಿಗೆ ಕೊಡುವ ಔಷಧಕ್ಕೆ ಅದು ಅಷ್ಟಾಗಿ ಬಗ್ಗುವುದೂ ಇಲ್ಲ. ಮನೆಯಲ್ಲಿ ಕೂತು ಈ ಎರಡನ್ನು ಬೇರ್ಪಡಿಸಲು ಹೋಗಬಾರದು. ಧ್ವನಿ ಬದಲಾಗಿದ್ದರೆ, ಜೊಲ್ಲು ನುಂಗಲಾಗದಿದ್ದರೆ, ಉಸಿರಿನಲ್ಲಿ ಸದ್ದು ಬರುತ್ತಿದ್ದರೆ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು, ದೂರದ ದೊಡ್ಡ ಆಸ್ಪತ್ರೆ ಆಮೇಲೆ. ಊತ ಇಳಿದ ಮೇಲೆ ವೈದ್ಯರಿಗೆ ಗುಳಿಗೆಯ ಹೆಸರು ತೋರಿಸಿ ಬೇರೆ ಗುಂಪಿನ ಔಷಧಕ್ಕೆ ಬದಲಿಸಿಕೊಳ್ಳಬೇಕು. ಊತವಿಲ್ಲದವರು ಇದನ್ನು ಓದಿ ಬಿಪಿ ಗುಳಿಗೆ ನಿಲ್ಲಿಸಬಾರದು.

ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಗಳು ಹದಿಹರೆಯದವರಲ್ಲಿ, ಯುವಕ ಯುವತಿಯರಲ್ಲಿ ಒಂದೆರಡು ದಿನದೊಳಗೆ ಸ್ನಾಯುಗಳನ್ನು ಹಿಡಿದು ತಿರುಚಬಹುದು. ಕುತ್ತಿಗೆ ಒಂದು ಕಡೆಗೆ ಹೊರಳಿ ನಿಲ್ಲುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಚಾಚುತ್ತದೆ, ದವಡೆ ಬಿಗಿಯುತ್ತದೆ. ಹುಡುಗಿಗೆ ಪ್ರಜ್ಞೆ ಪೂರ್ತಿ ಇರುತ್ತದೆ, ಸುತ್ತಲಿನವರ ಮಾತೆಲ್ಲ ಕೇಳುತ್ತಿರುತ್ತದೆ, ಉತ್ತರಿಸಲು ಮಾತ್ರ ಬಾಯಿ ತಿರುಗುವುದಿಲ್ಲ. ಕಂಡವರಿಗೆ ಇದು ಮೈಮೇಲೆ ಬಂದಂತೆ ತೋರುವುದರಲ್ಲಿ ಆಶ್ಚರ್ಯವಿಲ್ಲ. ಪ್ರೊಮೆಥಜಿನ್‌ನಂಥ ಚುಚ್ಚುಮದ್ದು ಕೊಟ್ಟರೆ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಕುತ್ತಿಗೆ ನೆಟ್ಟಗಾಗುತ್ತದೆ. ದೇವರಿಗೆ ಹರಕೆ ಹೊರುವವರು ಹೊರಲಿ, ಅದಕ್ಕೆ ಮೊದಲು ನಿನ್ನೆ ಕೊಟ್ಟ ವಾಂತಿ ಔಷಧದ ಚೀಟಿಯನ್ನು ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಇದೇ ಬಗೆಯ ಔಷಧ ತೆಗೆದುಕೊಳ್ಳುವವರಲ್ಲಿ ಜೋರು ಜ್ವರ, ಮರದ ತುಂಡಿನಂತೆ ಸೆಟೆದ ಮೈ, ಗೊಂದಲ ಮೂರೂ ಸೇರಿದರೆ ಅದು ಇನ್ನೂ ವಿರಳವಾದ, ಇನ್ನೂ ಘೋರವಾದ ಬೇರೆ ಸ್ಥಿತಿ. ಅದಕ್ಕೆ ತೀವ್ರ ನಿಗಾ ಘಟಕವೇ ಬೇಕು.

ಚರ್ಮದ ತುರ್ತುಸ್ಥಿತಿಯ ಅವಧಿ ವಾರಗಳದ್ದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಗೌಟಿನ ಅಲೋಪ್ಯೂರಿನಾಲ್, ಸಲ್ಫಾ ಔಷಧಗಳು ಇವುಗಳಲ್ಲಿ ಯಾವುದನ್ನಾದರೂ ಹೊಸದಾಗಿ ಶುರುಮಾಡಿದ ಒಂದರಿಂದ ನಾಲ್ಕು ವಾರದೊಳಗೆ ಜ್ವರ, ಕಣ್ಣುರಿ, ಬಾಯಿಹುಣ್ಣು ಬಂದು, ಮುಟ್ಟಿದರೆ ನೋಯುವ ಕೆಂಪು ಕಲೆಗಳು ಎದ್ದರೆ ಅದನ್ನು ಅಮ್ಮ ಎದ್ದಿದೆ ಎಂದು ಬೇವಿನೆಲೆ ಹಾಸಿ ಮಲಗಿಸಬಾರದು. ಮುಂದೆ ಚರ್ಮ ಸುಟ್ಟ ಗಾಯದಂತೆ ಸುಲಿದುಬರುತ್ತದೆ. ದೇಹದ ಶೇಕಡಾ 30ಕ್ಕಿಂತ ಹೆಚ್ಚು ಭಾಗ ಸುಲಿದರೆ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಅದೇ ದಿನ ವೈದ್ಯರನ್ನು ಕಂಡು ಶಂಕಿತ ಔಷಧ ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಜ್ವರದ ಗುಳಿಗೆಯ ಬಗ್ಗೆ ಒಂದು ಮಾತು, ಏಕೆಂದರೆ ಮಂಗನ ಕಾಯಿಲೆ, ಡೆಂಗಿ, ಇಲಿಜ್ವರ ಮೂರೂ ಇರುವ ಜಿಲ್ಲೆ ನಮ್ಮದು. ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಸುರಕ್ಷಿತ. ದೊಡ್ಡವರಿಗೆ ದಿನಕ್ಕೆ ನಾಲ್ಕು ಗ್ರಾಂ, ದಿನವೂ ಕುಡಿಯುವವರಿಗೆ ಮತ್ತು ಊಟ ಬಿಟ್ಟವರಿಗೆ ಎರಡು ಗ್ರಾಂ ಮೀರಬಾರದು. 650ರ ಗುಳಿಗೆಯ ಜೊತೆಗೆ ನೆಗಡಿಯ ಗುಳಿಗೆ, ಮೈಕೈ ನೋವಿನ ಗುಳಿಗೆ ಸೇರಿಸಿ ನುಂಗುವಾಗ ಮೂರರಲ್ಲೂ ಅದೇ ಔಷಧ ಇರಬಹುದು. ಅತಿಯಾದಾಗ ಮೊದಲ ದಿನ ವಾಕರಿಕೆ ಬಿಟ್ಟರೆ ಏನೂ ಕಾಣದು, ಯಕೃತ್ತು ಕುಸಿಯುವುದು ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ. ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ ಉತ್ತಮವಾಗಿ ಕೆಲಸ ಮಾಡುವುದು ಎಂಟು ತಾಸಿನೊಳಗೆ ಕೊಟ್ಟಾಗ, ಅಂದರೆ ಮನುಷ್ಯ ಚೆನ್ನಾಗಿಯೇ ಇದ್ದಾನೆ ಎನ್ನಿಸುತ್ತಿರುವಾಗ. ಸಿಟ್ಟಿನಲ್ಲಿ ಗುಳಿಗೆ ನುಂಗಿದ ಮಗಳು ಏನೂ ಆಗಿಲ್ಲ ಎಂದು ನಗುತ್ತಿದ್ದರೂ ಆ ಎಂಟು ತಾಸು ಬಿಡಬಾರದು.

ಉಳಿದ ಕೆಲವನ್ನು ಚುಟುಕಾಗಿ ಹೇಳುತ್ತೇನೆ. ಥೈರಾಯ್ಡಿಗೆ ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಗಂಟಲುನೋವು ಮತ್ತು ಜ್ವರ ಬಂದರೆ ಅದೇ ದಿನ ಬಿಳಿ ರಕ್ತಕಣಗಳ ಎಣಿಕೆ ಆಗಬೇಕು. ಸಂಧಿವಾತದ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಔಷಧ. ದಿನವೂ ತೆಗೆದುಕೊಂಡುಬಿಟ್ಟು ಬಾಯಿತುಂಬ ಹುಣ್ಣಾದರೆ ಅದು ಪ್ರಾಣಾಪಾಯದ ಸೂಚನೆ. ಡಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಗುಳಿಗೆ ತೆಗೆದುಕೊಳ್ಳುವವರು ಉಪವಾಸವಿದ್ದು ಅಥವಾ ಕುಡಿದು ವಾಂತಿ, ಏದುಸಿರಿನಿಂದ ಬಳಲಿದರೆ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗಿರಬಹುದು. ತಿಂಗಳುಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ನೆಲ ಹಿಡಿಯಬಹುದು. ಗಂಟುನೋವಿಗೆಂದು ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಪುಡಿಯಲ್ಲೂ ಸ್ಟಿರಾಯ್ಡ್ ಬೆರೆತಿರುವ ಸಾಧ್ಯತೆಯಿದೆ.

ಸಂಶಯ ಬಂದಾಗ ಕರೆಯಬೇಕಾದ್ದು 108. ಎಚ್ಚರ ತಪ್ಪಿದವರನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿ ಕೆಳಮುಖವಾಗಿರುವಂತೆ ಮಲಗಿಸಬೇಕು, ಘಟ್ಟದ ತಿರುವುಗಳಲ್ಲಿ ವಾಂತಿಯಾದರೂ ಅದು ಶ್ವಾಸಕೋಶಕ್ಕೆ ಇಳಿಯದಿರಲಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬಾರದು, ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುತ್ತ, ಹಲ್ಲಿನ ನಡುವೆ ಚಮಚ ತುರುಕುತ್ತ ಕೂರಬಾರದು. ವಿಷದ ಬಗ್ಗೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117; ಕುಡಿತ ಬಿಡುವ ನೆರವಿಗೂ ಮನಸ್ಸಿನ ಸಂಕಟಕ್ಕೂ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಹೊರಡುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನು (ಸ್ಟ್ರಿಪ್‌ಗಳನ್ನು), ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಳ್ಳಿ; ಕಷಾಯ, ಪುಡಿ, ಅರಿಷ್ಟದ ಬಾಟಲಿಗಳೂ ಅದರಲ್ಲಿರಲಿ. ಗುಳಿಗೆಯ ಪಟ್ಟಿಯನ್ನು ಕತ್ತರಿಸಿಕೊಡುವಾಗ ಹೆಸರು ಅಂಗಡಿಯಲ್ಲೇ ಉಳಿಯುವುದುಂಟು, ಹಾಗಾಗಿ ಔಷಧ ಕೊಳ್ಳುವ ದಿನವೇ ಹೆಸರಿರುವ ತುಂಡನ್ನು ಕೇಳಿ ಪಡೆಯಬೇಕು. ಆಮೇಲೆ ಒಂದು ಚೀಟಿಯಲ್ಲಿ ಕೊನೆಯ ಗುಳಿಗೆಯ ಹೊತ್ತು, ಕೊನೆಯ ಊಟದ ಹೊತ್ತು, ಕುಡಿಯುವವರಾದರೆ ಕೊನೆಯ ಬಾರಿ ಕುಡಿದ ದಿನ ಮತ್ತು ಹೊತ್ತು ಬರೆದು ಆ ಚೀಲಕ್ಕೇ ಹಾಕಿ, ರೋಗಿಯ ಜೊತೆ ಆಂಬುಲೆನ್ಸ್ ಹತ್ತುವವರ ಕೈಗೆ ಕೊಡಬೇಕು.